ಸೊಣ್ಣಮ್ಮ ಒಪ್ಪದ ಬರ

ನನ್ನ ಮಗಳು ಹುಟ್ಟಿದಾಗ ಬೆಂಗಳೂರಿನ ಸಿಂಗಸಂದ್ರದಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಎರೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ತರಕಾರಿ ಗಾಡಿಯವನಿಂದ ಹಿಡಿದು ಮೆಡಿಕಲ್ ಶಾಪಿನ ಹುಡುಗಿಯವರೆಗೆ ಎಲ್ಲರೂ ಹೇಳಿದ್ದು ಒಂದೇ ಹೆಸರು: ಸೊಣ್ಣಮ್ಮ. ಹೇಳಿಕಳಿಸಿದ ಮರುದಿನವೇ ಬಂದಳು. ಗಿಡ್ಡ ಆಳು, ಕಪ್ಪು ಮೈ, ಕಿವಿಯಲ್ಲಿ ಜೋತುಬಿದ್ದ ಬೆಂಡೋಲೆ. ನನ್ನನ್ನು ಮಾತಾಡಿಸುವ ಮೊದಲು ತೊಟ್ಟಿಲಿಗೆ ಬಗ್ಗಿ ಮಗುವನ್ನು ಮಾತಾಡಿಸಿದಳು.

"ಏನವ್ವಾ, ನೀನೇನಾ ರಾತ್ರಿಯೆಲ್ಲಾ ಅಳೋಳು? ಬಾ, ನಿನ್ ಕೊಬ್ಬು ಇಳಿಸ್ತೀನಿ."

ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲಮೇಲೆ ಬೋರಲು ಹಾಕಿಕೊಂಡು ಮೊದಲ ಚೊಂಬು ಸುರಿದಳು. ಮನೆಯೇ ಕಿತ್ತುಹೋಗುವಂತೆ ಕಿರುಚುತ್ತಿದ್ದ ನನ್ನ ಪುಟ್ಟಿ ಎರಡನೇ ಚೊಂಬಿಗೆ ಸುಮ್ಮನಾಯಿತು, ಮೂರನೆಯದಕ್ಕೆ ಆಕಳಿಸಿತು. ನನ್ನ ಅಮ್ಮ ದಾವಣಗೆರೆಯಲ್ಲಿ, ಅತ್ತೆಗೆ ಮಂಡಿನೋವು. ಹಸಿ ಬಾಣಂತಿಯಾಗಿದ್ದ ನನಗೆ ಆವತ್ತು ಬಾಗಿಲಿಗೆ ಒರಗಿ ನಿಂತು ಅಳು ಬಂದುಬಿಟ್ಟಿತ್ತು. ಸೊಣ್ಣಮ್ಮ ತಿರುಗಿಯೂ ನೋಡದೆ, "ಅಳೋದಿದ್ರೆ ಆಮೇಲೆ ಅಳು, ಈಗ ಸಾಂಬ್ರಾಣಿ ತಗೊಂಬಾ" ಎಂದಳು.

ಸೊಣ್ಣಮ್ಮನ ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಓಣಿಯಲ್ಲಿ, ಎರಡು ಪಿ.ಜಿ. ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಹೆಂಚಿನ ಮನೆ ಅವಳದು. ನಮ್ಮ ಕಟ್ಟಡ ಎದ್ದಿರುವುದು ಒಂದು ಕಾಲದಲ್ಲಿ ಅವಳ ಮಾವನ ಕಡೆಯವರು ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ. ಅದನ್ನು ಅವಳು ದುಃಖದಿಂದ ಹೇಳುತ್ತಿದ್ದುದನ್ನು ನಾನು ಕೇಳಿಲ್ಲ, ತಮಾಷೆಯಿಂದಲೇ ಹೇಳುತ್ತಿದ್ದಳು. "ನಿನ್ ಅಡುಗೆಮನೆ ನಿಂತಿರಾದು ನಮ್ ಹುಣ್ಸೆ ಮರದ ಬುಡದ ಮ್ಯಾಲೆ. ಅದ್ಕೇ ನೀನ್ ಮಾಡೋ ಸಾರು ಯಾವಾಗ್ಲೂ ಉಳಿ."

ಇದು ನಡೆದದ್ದು ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ. ಪುಟ್ಟಿ ಆಗ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಳು. ಯುಗಾದಿ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಬಾಲ್ಕನಿಯ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಆಕಾಶ ದಿನದಿನವೂ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ, ಒಂದು ಕಲೆಯೂ ಇಲ್ಲ. ನಮ್ಮ ಬೋರ್‌ವೆಲ್ ಮೊದಲು ಕೆಂಪು ನೀರು ಕೊಟ್ಟಿತು, ಆಮೇಲೆ ಬರೀ ಗಾಳಿ ಕೊಟ್ಟಿತು. ಟ್ಯಾಂಕರ್ ಬಂದಾಗ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ನಲ್ಲಿಯಲ್ಲಿ ನೀರು. ಆ ತಿಂಗಳ ನನ್ನ ದಿನಚರಿಯಲ್ಲಿ ಮಗಳ ಹೊಸ ಹಲ್ಲಿನ ಸುದ್ದಿಗಿಂತ ಡ್ರಮ್ಮಿನ ಸುದ್ದಿಯೇ ಹೆಚ್ಚು. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಕಕ್ಕಸಿಗೆ, ಮಗುವಿನ ಸ್ನಾನದ ನೀರನ್ನು ಟಬ್ಬಿನಲ್ಲಿ ಹಿಡಿದು ನೆಲ ಒರೆಸುವುದಕ್ಕೆ. ಮಗುವಿನ ಕುತ್ತಿಗೆ ತುಂಬ ಬೆವರುಸಾಲೆ.

ಎಲ್ಲರ ಬಾಯಲ್ಲೂ ಬರದ ಮಾತು. ನನ್ನ ಗಂಡ ಬಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿರುವವನು, ಯಾವುದನ್ನೂ ಫೋನಿನಲ್ಲಿ ನೋಡದೆ ನಂಬುವವನಲ್ಲ. ಒಂದು ಭಾನುವಾರ ತಿಂಡಿ ತಿನ್ನುತ್ತಾ ಓದಿ ಹೇಳಿದ: "ಮಳೆ ವಾಡಿಕೆಗಿಂತ ಕಾಲು ಭಾಗಕ್ಕೂ ಜಾಸ್ತಿ ಕಮ್ಮಿಯಾದ್ರೆ ಮಾತ್ರ ಬರವಂತೆ. ಅದೂ ಮಳೆಗಾಲದ ಲೆಕ್ಕ. ಈಗ ಬರೀ ಒಣಹವೆ."

"ಹಾಗಂತ ನಲ್ಲಿಗೆ ಹೇಳು" ಎಂದೆ ನಾನು.

ಪುಟ್ಟಿಗೆ ಎಣ್ಣೆ ತಿಕ್ಕುತ್ತಿದ್ದ ಸೊಣ್ಣಮ್ಮ ಬಸುವಿನ ಪರ ನಿಂತಳು. "ನಿನ್ ಯಜಮಾನ್ರು ಸರಿಯಾಗೇ ಯೋಳ್ತಾವ್ರೆ. ಬ್ಯಾಸ್ಗೇಲಿ ಬಿಸ್ಲು ಬರ್ದೆ ಇನ್ನೇನು ಬತ್ತದೆ? ಬಿಸ್ಲು ಅದ್ರ ಕೆಲ್ಸ ಅದು ಮಾಡ್ತೈತೆ. ನೆಲ ಚೆನ್ನಾಗಿ ಕಾಯ್ಬೇಕು, ಆಗ್ಲೇ ಮಳೆ ಉಯ್ದಾಗ ಕುಡಿಯಾದು. ರೋಣಿ ಮಳೆ ಓಗ್ಲಿ, ಮಿರ್ಗದ ಮಳೆ ಓಗ್ಲಿ, ಬಿತ್ತಿದ್ ಕಾಳು ನೆಲ್ದಾಗೇ ಉರ್ದೋಗ್ಲಿ. ಆಗ ಬಂದು ಕೇಳು, ಬರ ಅಂತ ನಾನೇ ಯೋಳ್ತೀನಿ. ಇದು ಬರ ಅಲ್ಲ ಕಣವ್ವ, ಬ್ಯಾಸ್ಗೆ."

ಗೇಟಿನಲ್ಲಿ ಕೂರುವ ಮರೆಪ್ಪನಿಗೆ ಇನ್ನೊಂದು ಲೆಕ್ಕ. ದೇವದುರ್ಗದ ಕಡೆಯವನು, ಮೊದಲು ಕಟ್ಟಡದ ಕೆಲಸಕ್ಕೆ ಬಂದು ಆಮೇಲೆ ನಮ್ಮಲ್ಲೇ ವಾಚ್‌ಮನ್ ಆದವನು. ಟ್ಯಾಂಕರಿನ ಪೈಪನ್ನು ಸಂಪಿನೊಳಗೆ ಇಳಿಸುತ್ತಾ ನಗುತ್ತಿದ್ದ. "ನಮ್ಮ ಕಡಿ ಬಾವ್ಯಾಗ ಇಳದು ಚರಿಗೀಲೆ ನೀರು ಮೊಗಿತಾರ್ರೀ ಅಕ್ಕಾ. ಲಾರ್‍ಯಾಗ ಕುಂತು ನೀರು ಮನಿ ಬಾಗ್ಲಿಗಿ ಬರತೈತಂದ್ರ, ಅದಕ್ಕ ಬರ ಅಂತ ಹ್ಯಾಂಗ ಅಂತೀರಿ?"

ಸೊಣ್ಣಮ್ಮ ಇದು ಬರವಲ್ಲ ಎಂದು ಅಷ್ಟು ಹಟ ಹಿಡಿಯುವುದಕ್ಕೆ ರೋಹಿಣಿ ಮಳೆ ಮಾತ್ರ ಕಾರಣವಲ್ಲ ಎಂದು ನನಗೆ ತಿಳಿದದ್ದು ಒಂದು ಫೋನಿನಿಂದ. ಅವಳು ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ಪುಟ್ಟಿಗೆ ಬಟ್ಟೆ ಸುತ್ತುತ್ತಿದ್ದಾಗ ಬಂದ ಕರೆ ಅವಳ ಬೀಗಿತ್ತಿ ಅಂಜಿನಮ್ಮನದು.

ಸೊಣ್ಣಮ್ಮನಿಗೆ ಇರುವುದು ಒಬ್ಬಳೇ ಮಗಳು, ಸವಿತಾ. ಹಿಂದಿನ ವರ್ಷ ಮಾಲೂರಿನ ಆಚೆಯ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದಳು. ಈಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ಈ ಸುತ್ತಿನ ಮಕ್ಕಳಿಗೆಲ್ಲ ಎರೆದ ಕೈ ತನ್ನ ಮೊಮ್ಮಗುವಿಗೆ ಎರೆಯುವ ದಿನವನ್ನು ಎದುರು ನೋಡುತ್ತಿತ್ತು. ಸವಿತಾಳಿಗೆಂದು ಬಚ್ಚಲ ಒಲೆಗೆ ಹೊಸದಾಗಿ ಮಣ್ಣು ಮೆತ್ತಿದ್ದಳು, ಅಟ್ಟದ ತಾಮ್ರದ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದಳು.

"ನೋಡಿ ಬೀಗಿತ್ತಮ್ಮ, ನೀವೇನಾರ ಅನ್ಕಳಿ" ಎಂದಿತು ಫೋನು. "ಟೀವೀಲಿ ತೋರಿಸ್ತಾವ್ರೆ, ಬೆಂಗ್ಳೂರಾಗೆ ಬಿಂದ್ಗೆ ಇಡ್ಕಂಡು ಒಡ್ದಾಡ್ತಾವ್ರೆ. ಬರ ಬಿದ್ದಿರೋ ಕಡೀಕೆ ಬಸ್ರೀನ ಎಂಗೆ ಕಳ್ಸಾದು? ಬಾಣ್ತಿ ಬೆನ್ನಿಗೆ ಅಂಡೆ ಅಂಡೆ ನೀರು ಬೇಕು. ನೀವೇನ್ ತೇವದ್ ಬಟ್ಟೇಲಿ ಒರಿಸ್ತೀರಾ?"

"ಯಾವ್ ಬರ?" ಸೊಣ್ಣಮ್ಮನ ದನಿ ಏರಿತು. "ಇಲ್ಲಿ ಬರಾನೂ ಇಲ್ಲ ಗಿರಾನೂ ಇಲ್ಲ. ಟೀವೀಯೋರು ಬಿಂದ್ಗೆ ಕಂಡಿಲ್ದೋರು, ಅದ್ಕೇ ತೋರಿಸ್ತಾವ್ರೆ."

"ಆಯ್ತು ಬಿಡಿ. ಬರೋ ಭಾನ್ವಾರ ನಾನೇ ಬತ್ತೀನಿ. ಕಣ್ಣಾರ ನೋಡ್ತೀನಿ. ನೀರಿದ್ರೆ ಕಳಿಸ್ತೀನಿ, ಇಲ್ದಿದ್ರೆ ಇಲ್ಲೇ ಆಗ್ಲಿ."

ಫೋನು ನಿಂತ ಮೇಲೆ ಸೊಣ್ಣಮ್ಮ ಪುಟ್ಟಿಯ ಕಾಲನ್ನು ಸುಮ್ಮನೆ ನೀವುತ್ತಾ ಕುಳಿತಳು. "ಕೆಟ್ಟೋಳಲ್ಲ ಅಂಜಿನಮ್ಮ. ಬಾಯಿ ಅಷ್ಟೆ ಜೋರು. ಆದ್ರೆ ಯೋಳಿದ್ನ ಮಾಡೋಳೇ" ಎಂದಳು.

ಅದೇ ವಾರ ನಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ ಚನ್ನವೀರಪ್ಪನವರು ಮೇಲೆ ನಮ್ಮ ಮನೆಗೆ ಬಂದರು. ರಾಣೆಬೆನ್ನೂರಿನವರು, ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ವಾಟ್ಸಾಪ್ ಗುಂಪಿನಲ್ಲಿ ದಿನಾ ನೀರಿನ ಜಗಳ ಬಿಡಿಸಿ ಸಾಕಾಗಿ, ಜಗಳ ಬಿಟ್ಟು ಎಲ್ಲರೂ ಸೇರಿ ಮಾಡುವಂಥದ್ದು ಏನಾದರೂ ಬೇಕು ಎಂದು ಅವರಿಗೆ ಹೊಳೆದಿತ್ತು.

"ಸೊಣ್ಣಮ್ಮ, ನೀವು ಹಿಂದಕ ಮಳೆರಾಯನ್ನ ಹೊರತಿದ್ರಂತಲ್ಲ. ಮರೆಪ್ಪ ಹೇಳಿದ. ನಮ್ಮ ಕಡೆ ಅದಕ್ಕ ಗುರ್ಜಿ ಅಂತಾರ, ಹಂಚಿನ ಮ್ಯಾಲ ಸೆಗಣಿ ಗುರ್ಜಿ ಇಟ್ಟು ತಲಿಮ್ಯಾಲ ಹೊತ್ತು ಮನಿಮನಿಗೆ ಹೋಗತಾರ. ಇಲ್ಲಿ ಊರಿಗೆ ಬಂದೇವಿ, ಇಲ್ಲಿ ಪದ್ಧತಿ ಪ್ರಕಾರನ ಮಾಡೂಣು. ಭಾನುವಾರ ಎಲ್ಲಾರಿಗೂ ರಜಾ. ನೀವ ಹೊರಬೇಕು."

ಸೊಣ್ಣಮ್ಮನ ಮುಖ ಬಿಗಿಯಿತು. "ನಂಗ್ ಮರ್ತೋಗೈತೆ ಸಾಮಿ."

"ಮರಿಯೂ ಮಾತೇನ್ರೀ ಅದು? ಸೈಕಲ್ ಹೊಡಿಯೂದು ಮರೀತಾರೇನು?"

"ನಂಗೆ ಸೈಕಲ್ಲೂ ಬರಲ್ಲ. ಅಲ್ಲ, ಮಳೆರಾಯನ್ನ ಈಗ್ಯಾಕೆ ಒರಾದು? ಬರ ಎಲ್ಲೈತೆ ಇಲ್ಲಿ?"

ಚನ್ನವೀರಪ್ಪನವರು ನನ್ನ ಕಡೆ ನೋಡಿದರು. ಮೂಲೆಯಲ್ಲಿ ಸಾಲಾಗಿ ನಿಂತ ಬಕೆಟ್ಟುಗಳ ಕಡೆ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ಅವರು ಹೋದ ಮೇಲೆ ಸೊಣ್ಣಮ್ಮ ಬಿಡಿಸಿ ಹೇಳಿದಳು. ಮಳೆರಾಯ ಎಂದರೆ ಹಸಿ ಮಣ್ಣಿನಲ್ಲಿ ಮಾಡಿ ಮಣೆಯ ಮೇಲೆ ಕೂರಿಸಿದ ಗೊಂಬೆ. ಒಬ್ಬರು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಅದರ ಮೇಲೆ ನೀರು ಸುರಿಯುತ್ತಾರೆ. ಮಣ್ಣು ಕರಗಿ ಹೊತ್ತವರ ಮೈಮೇಲೆ ಇಳಿಯುತ್ತದೆ. ಆದರೆ ಬೇಕೆಂದಾಗ ಹೊರುವ ಹಾಗಿಲ್ಲ. ಊರಿನ ಹಿರಿಯರು ಕೂತು, ಮಳೆ ಕೈಕೊಟ್ಟಿತು, ಬರ ಬಂತು ಎಂದು ಒಪ್ಪಿದ ಮೇಲೇ ಹೊರುವುದು.

"ಅವ್ನು ಓಣಿಗೆ ಬಂದ ಅಂದ್ರೆ ಈ ಊರಾಗೆ ಬರ ಐತೆ ಅಂತ ತಮಟೆ ಒಡ್ದು ಸಾರಿದಂಗೆ. ಅದೂ ಭಾನ್ವಾರ! ಬೀಗಿತ್ತಿ ಬಂದು ಜಗಲಿ ಮ್ಯಾಲೆ ಕುಂತಿರೋವಾಗ ನಾನೇ ಮಳೆರಾಯನ್ನ ಒತ್ಕಂಡು ಓಗ್ಲಾ? ನನ್ ಮಗ್ಳು ಬಂದಂಗೇ."

ನಾನು ಚನ್ನವೀರಪ್ಪನವರ ಮನೆಗೆ ಇಳಿದು, ಮುಂದಿನ ವಾರಕ್ಕೆ ಹಾಕಿಕೊಳ್ಳಿ ಎಂದು ಕೇಳಿನೋಡಿದೆ. ಗುಂಪಿನಲ್ಲಿ ಎಲ್ಲರಿಗೂ ತಿಳಿಸಿ ಆಗಿತ್ತು. ತಮಟೆಯವರಿಗೂ ಹೇಳಿ ಆಗಿತ್ತು. ಮೆರವಣಿಗೆ ಹಿಂದಿನ ಓಣಿಗೆ ಹೋಗುವುದಿಲ್ಲ, ದೊಡ್ಡ ರಸ್ತೆಯಲ್ಲಿ ಹೋಗಿ ಮುನೇಶ್ವರನ ಗುಡಿಯಿಂದ ವಾಪಸ್ಸು ಎಂದು ಮಾತು ತೆಗೆದುಕೊಂಡು ಬಂದೆ. ಸೊಣ್ಣಮ್ಮ ಅಷ್ಟು ಸಾಕು ಎಂದಳು.

ಶನಿವಾರ ಸಂಜೆ ಅವಳ ಜಗಲಿ ಸಿದ್ಧವಾಯಿತು. ಅವಳಿಂದ ಎರೆಸಿಕೊಂಡ ಮಕ್ಕಳಿದ್ದ ಮನೆಗಳಿಗೆಲ್ಲ ನಾನೇ ಹೋಗಿ ವಿಷಯ ಹೇಳಿದೆ. ಒಬ್ಬರು ಬಿಂದಿಗೆ ಕೊಟ್ಟರು, ಒಬ್ಬರು ಬಿಂದಿಗೆಯೊಳಗೆ ನೀರೂ ಕೊಟ್ಟರು. ನಮ್ಮ ಡ್ರಮ್ಮಿನಿಂದ ಎರಡು ಕೊಡ ಹೊತ್ತು ತಂದ ಬಸು, "ಇದನ್ನ ವಿಂಡೋ ಡ್ರೆಸಿಂಗ್ ಅಂತಾರೆ" ಎಂದು ಗೊಣಗಿದ. ಆದರೂ ಕೊಡಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದವನೂ ಅವನೇ.

ಭಾನುವಾರ ನಾನು ಪುಟ್ಟಿಯನ್ನು ಎತ್ತಿಕೊಂಡು ಬೆಳಿಗ್ಗೆಯೇ ಅಲ್ಲಿದ್ದೆ. ಸೊಣ್ಣಮ್ಮನ ಕೈಗುಣಕ್ಕೆ ಸಾಕ್ಷಿಯಾಗಿ ನನ್ನ ಮಗಳ ಕೆನ್ನೆ ಬೇಕಿತ್ತು. ಬೆವರುಸಾಲೆ ಕಾಣದಂತೆ ಕುತ್ತಿಗೆಗೆ ಪೌಡರು ಹಾಕಿದ್ದೆ.

ಅಂಜಿನಮ್ಮ ಎತ್ತರದ ಹೆಂಗಸು. ಎರಡೂ ಕಡೆ ಮೂಗುಬಟ್ಟು, ಚೀಲದ ತುಂಬ ಮಾವಿನಕಾಯಿ. ಜಗಲಿ ಹತ್ತುವ ಮೊದಲೇ ಬಿಂದಿಗೆಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಬಗ್ಗಿ ಒಂದನ್ನು ಬೆರಳ ಗೆಣ್ಣಿನಿಂದ ಬಡಿದಳು.

"ಅಬ್ಬಬ್ಬಾ, ಏನ್ ನೀರು ಬೀಗಿತ್ತಮ್ಮ! ಕುಡಿಯಾಕಾ, ತೋರ್ಸಾಕಾ?"

"ಬಳ್ಸಾಕೆ" ಎಂದಳು ಸೊಣ್ಣಮ್ಮ. "ದಿನಾ ಇಂಗೇ ಬತ್ತದೆ. ಇಡಿಯೋಕೆ ಪಾತ್ರೆ ಸಾಲಲ್ಲ."

ಪಾನಕ ಕೊಟ್ಟಳು. ಪುಟ್ಟಿಯನ್ನು ತೋರಿಸಿದಳು. ಅಂಜಿನಮ್ಮ ಮಗುವಿನ ತೋಳು ಹಿಂಡಿ, ಬೆನ್ನು ತಡವಿ, ಕಾಲು ಎಳೆದು ನೋಡಿ, "ಕೈಗುಣ ಐತೆ, ಸುಳ್ಳು ಯೋಳ್ಬಾರ್ದು" ಎಂದಳು. ಸೊಣ್ಣಮ್ಮ ನನ್ನತ್ತ ನೋಡಿದ ನೋಟದಲ್ಲಿ ಸವಿತಾ ಆಗಲೇ ಆಟೋದಿಂದ ಇಳಿಯುತ್ತಿದ್ದಳು.

ಆಗ ತಮಟೆ ಕೇಳಿಸಿತು. ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ದೊಡ್ಡ ರಸ್ತೆಯನ್ನು ಹಿಂದಿನ ರಾತ್ರಿ ಯಾರೋ ಕೇಬಲ್ಲಿಗೆಂದು ಅಗೆದುಹಾಕಿದ್ದರು. ಮೆರವಣಿಗೆ ಬೇರೆ ದಾರಿಯಿಲ್ಲದೆ ನಮ್ಮ ಓಣಿಗೇ ತಿರುಗಿತ್ತು.

"ಏನದು ಸದ್ದು?" ಎಂದಳು ಅಂಜಿನಮ್ಮ.

"ಯಾವ್ದೋ ಮದ್ವೆ" ಎಂದಳು ಸೊಣ್ಣಮ್ಮ. "ಒಳೀಕೆ ಬನ್ನಿ, ಬಿಸ್ಲು."

ಅಂಜಿನಮ್ಮ ಕತ್ತು ಚಾಚಿ ನೋಡಿದಳು. "ಮದ್ವೆ ಗಂಡು ತಲೆ ಮ್ಯಾಲೆ ಕುಂತ್ಕಂಡು ಬತ್ತಾವ್ನಲ್ಲ?"

ಮುಂದೆ ತಮಟೆಯವರು, ಅವರ ಹಿಂದೆ ಬಿಳಿ ಪಂಚೆಯ ಚನ್ನವೀರಪ್ಪನವರು, ಆಮೇಲೆ ಮಕ್ಕಳು, ಮೊಬೈಲು ಎತ್ತಿ ಹಿಡಿದ ಹುಡುಗ ಹುಡುಗಿಯರು, ಮಗ್ಗು ಹಿಡಿದ ಹೆಂಗಸರು. ಸೊಣ್ಣಮ್ಮ ಬರುವುದಿಲ್ಲ ಎಂದ ಮೇಲೆ ಹೊರಲು ಸಿಕ್ಕವನು ಮರೆಪ್ಪ. ಅವನ ತಲೆಯ ಮೇಲೆ ಮಣೆ, ಮಣೆಯ ಮೇಲೆ ನೀಲಿ ಬಣ್ಣದ, ಬಂಗಾರದ ಕಿರೀಟದ ಥಳಥಳ ಗೊಂಬೆ. ಪಕ್ಕದಲ್ಲಿ ಒಬ್ಬ ಹುಡುಗ ದೊಡ್ಡ ಕರಿ ಕೊಡೆ ಬಿಚ್ಚಿ ಗೊಂಬೆಯ ಮೇಲೆ ಹಿಡಿದಿದ್ದ.

ಸೊಣ್ಣಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಕೆಳಗೆ ಹಾಕಿ ನಿಂತಿದ್ದಳು. ನೋಡಬಾರದು ಎಂದು ಪಣ ತೊಟ್ಟಂತೆ. ಮೆರವಣಿಗೆ ಜಗಲಿಯ ಮುಂದೆ ಬಂತು. ಕೊಡೆಯ ನೆರಳು ಅವಳ ಕಾಲಬಳಿ ಬಿತ್ತು. ತಲೆ ಎತ್ತಿದಳು, ಅಷ್ಟೆ.

"ಯಾವನೋ ಅವ್ನು, ಮಳೆರಾಯಂಗೆ ಕೊಡೆ ಇಡ್ದೋನು?"

ತಮಟೆ ನಿಂತಿತು.

"ನೀನ್ ಬರಬ್ಯಾಡ, ನಾವು ಬೆಚ್ಚಗಿದ್ದೀವಿ ಅಂತ ಯೋಳ್ದಂಗಲ್ವೇನೋ ಅದು? ಅವ್ನು ಬಿಸ್ಲಾಗೆ ಬೇಯ್ಬೇಕು ಕಣೋ. ಬೆಂದು, ಸಾಕಪ್ಪಾ ಅಂತ ಅವ್ನೇ ಓಗಿ ಮೋಡ ಕರ್ಕಂಬರ್ಬೇಕು!"

ಚನ್ನವೀರಪ್ಪನವರು ಹಣೆ ಒರೆಸಿಕೊಂಡರು. "ಅಲ್ಲವ್ವಾ, ಬಿಸಲಿಗೆ ಬಣ್ಣ ಏಳತೈತಿ ಅಂತ ನಾನ ಹಿಡೀ ಅಂದೆ. ಗಣಪತಿ ಮಾಡೂ ಅವರ ಹತ್ರ ಹೇಳಿ ಮಾಡಿಸಿದ್ದು."

ಸೊಣ್ಣಮ್ಮ ಜಗಲಿ ಇಳಿದು ಗೊಂಬೆಯನ್ನು ಉಗುರಿನಿಂದ ಕೆರೆದಳು. ಪ್ಲಾಸ್ಟರ್. "ಇದು ಕರಗಾಕಿಲ್ಲ" ಎಂದಳು, ಈ ಸಲ ಮೆಲ್ಲಗೆ. "ಇವ್ನೇ ಕರಗ್ದಿದ್ರೆ ಮೋಡ ಎಂಗೆ ಕರಗ್ತದೆ?"

ಮರೆಪ್ಪ ಮಣೆಯನ್ನು ಕೆಳಗಿಳಿಸಿ, ಬೆವರುತ್ತಾ ಅವಳ ಮುಂದೆ ನಿಂತ. "ಯವ್ವಾ, ನೀನ ಒಂದೀಟು ಮಾಡಿಕೊಡು. ಇವರಿಗಿ ಇಲ್ಲಿ ಬರ ಐತೋ ಇಲ್ಲೋ ನನಗ ಗೊತ್ತಿಲ್ಲ. ನಮ್ಮೂರಾಗ ಎರಡು ವರ್ಸ ಮುಂಗಾರಿ ಬಂದಿಲ್ಲ. ಬಿತ್ತಿದ್ದು ಎರಡು ಸಲಾನೂ ಮ್ಯಾಲ ಏಳಲಿಲ್ಲ. ಇಲ್ಲಿಂದ ಕರದರ ಅಲ್ಲೀಮಟ ಕೇಳತೈತೇನಂತ ಹೊತ್ತೀನಿ."

"ಎಲ್ಡು ಮುಂಗಾರಾ?" ಎಂದಳು ಸೊಣ್ಣಮ್ಮ.

"ಹೂಂ ಯವ್ವಾ. ಎರಡೂ."

ಬಿತ್ತಿದ ಕಾಳು ನೆಲದಲ್ಲೇ ಉರಿದುಹೋದರೆ ಬರ ಎಂದು ತಾನೇ ಹೇಳುತ್ತೇನೆ ಎಂದವಳು ಅವಳು. ಬೇಡ, ಈಗ ಬೇಡ, ಸವಿತಾಳನ್ನು ನೆನೆಸಿಕೋ ಎಂದು ಕೂಗಬೇಕೆನ್ನಿಸಿತು. ಅವಳೂ ಸವಿತಾಳನ್ನೇ ನೆನೆಸಿಕೊಂಡಳೆಂದು ಕಾಣುತ್ತದೆ. ಒಂದು ಗಳಿಗೆ ಬೀಗಿತ್ತಿಯ ಕಡೆ ತಿರುಗಿ ನಿಂತಳು. ಆಮೇಲೆ ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಬಗೆಯತೊಡಗಿದಳು.

ಅಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟು ಜಗಲಿಯಂಚಿಗೆ ಬಂದಳು. "ಬರ ಇಲ್ಲ ಅಂದ್ರಲ್ಲ ಬೀಗಿತ್ತಮ್ಮ?"

"ಐತೆ."

"ದಿನಾ ನೀರು ಬತ್ತದೆ ಅಂದ್ರಿ."

"ಬರಲ್ಲ. ವಾರಕ್ಕೊಂದ್ಸಲ ಬಂದ್ರೆ ಉಂಟು. ಆ ಬಿಂದ್ಗೆಗಳೂ ನಮ್ದಲ್ಲ, ಅವ್ರಿವ್ರ್ ಮನೇವು."

"ಗೊತ್ತು" ಎಂದಳು ಅಂಜಿನಮ್ಮ. "ಒಂದ್ರ ಮ್ಯಾಲೆ ಇಂಗ್ಲೀಸ್ನಾಗೆ ಎಸ್ರು ಬರ್ದದೆ."

ಸೊಣ್ಣಮ್ಮ ಸಾಲಿನ ಮೊದಲ ಬಿಂದಿಗೆಯಿಂದಲೇ ನೀರು ಬಗ್ಗಿಸಿಕೊಂಡು ಮಣ್ಣು ಕಲಸಿದಳು. ಮಣ್ಣು ಪುಡಿಪುಡಿಯಾಗಿದ್ದುದರಿಂದ ಗೊಂಬೆಯ ತಲೆ ನಿಲ್ಲುತ್ತಿರಲಿಲ್ಲ. ಒಂದು ಸಲ ಬಿತ್ತು, ಇನ್ನೊಂದು ಸಲ ಬಿತ್ತು.

"ಥೂ, ಸರೀರಿ ಅತ್ಲಾಗೆ" ಎಂದು ಅಂಜಿನಮ್ಮ ಜಗಲಿಯಿಂದ ಇಳಿದಳು. "ಇಷ್ಟ್ ಸಣ್ಣ ಒಟ್ಟೆ ಇಟ್ರೆ ತಲೆ ಎಲ್ ನಿಲ್ತದೆ? ಮಳೆರಾಯಂಗೆ ಒಟ್ಟೆ ದಪ್ಪಾಗಿರ್ಬೇಕು. ಒಳೀಕೆ ನೀರಿರ್ಬೇಕಲ್ಲ."

"ನಮ್ಮೂರಾಗೆ ಸಣ್ಣಕೇ ಮಾಡಾದು."

"ಅದ್ಕೇ ನಿಮ್ಮೂರಾಗೆ ನೀರಿಲ್ಲ. ಕೊಡಿ ಇಲ್ಲಿ."

ಇಬ್ಬರೂ ಎದುರುಬದುರು ಕೂತು ಮೂಗಿಗೆ ಜಗಳ, ಕಿವಿಗೆ ಜಗಳ. ಕಣ್ಣಿಗೆ ಹುಣಸೆ ಬೀಜ ಇಡಬೇಕೋ ಅವರೆಕಾಳು ಇಡಬೇಕೋ ಎಂದು ಇನ್ನೊಂದು ಜಗಳ. ಚನ್ನವೀರಪ್ಪನವರು ನಡುವೆ ಬಾಯಿ ಹಾಕಿ, "ನಮ್ಮ ಕಡೆ ಗುರ್ಜಿಗೆ..." ಎಂದು ಶುರುಮಾಡಿದರೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ನೋಡಿದ ನೋಟಕ್ಕೆ ಅವರು ಕೊಡೆಯ ಹುಡುಗನ ಹಿಂದೆ ಸರಿದರು. ಕೊನೆಗೆ ಮಣೆಯ ಮೇಲೆ ಕೂತದ್ದು ತುಂಬು ಹೊಟ್ಟೆಯ, ಸೊಟ್ಟ ಮೂಗಿನ, ಒಂದು ಕಣ್ಣು ಹುಣಸೆ ಬೀಜ, ಒಂದು ಕಣ್ಣು ಅವರೆಕಾಳಿನ ಮಳೆರಾಯ.

ಸೊಣ್ಣಮ್ಮ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಮಣೆಯನ್ನು ಎತ್ತಿಸಿಕೊಂಡು ಎದ್ದು ನಿಂತಳು. ಯಾರು ಮೊದಲು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಮೊದಲ ಕೊಡ ಎತ್ತಿದವಳು ಅಂಜಿನಮ್ಮ. ನೀರು ಇದೆ ಎಂದು ತೋರಿಸುವುದಕ್ಕೆ ಜೋಡಿಸಿದ್ದ ಸಾಲಿನಿಂದ ಅತಿ ದೊಡ್ಡ ಬಿಂದಿಗೆಯನ್ನೇ ಎತ್ತಿ ಗೊಂಬೆಯ ಮೇಲೆ ದಬದಬ ಸುರಿದಳು. ಸೊಣ್ಣಮ್ಮನ ಉಸಿರು ಕಟ್ಟಿತು. ಆಮೇಲೆ ನಾನು ಸುರಿದೆ. ಆಮೇಲೆ ಬಸು. ಮೂರನೇ ಮಹಡಿಯ ತಮಿಳು ಅಜ್ಜಿ ಸ್ನಾನಕ್ಕೆ ಹಿಡಿದಿಟ್ಟಿದ್ದ ನೀರಿನ ಬಕೆಟ್ಟನ್ನೇ ತರಿಸಿಕೊಂಡರು. ಪಿ.ಜಿ. ಹುಡುಗರು ಕುಡಿಯುವ ಬಾಟಲಿ ಬಗ್ಗಿಸಿದರು. ಮರೆಪ್ಪ ಗೇಟಿನ ಹತ್ತಿರ ಇಟ್ಟುಕೊಂಡಿದ್ದ ತನ್ನ ಮಡಕೆಯನ್ನು ಎದೆಗೆ ಅವುಚಿಕೊಂಡು ಓಡಿ ಬಂದು, ಒಂದು ತೊಟ್ಟೂ ಉಳಿಸದೆ ಸುರಿದು, ಬರಿದಾದ ಮಡಕೆಯನ್ನು ಕಣ್ಣಿಗೊತ್ತಿಕೊಂಡ.

ಮಣ್ಣು ಕರಗಿ ಸೊಣ್ಣಮ್ಮನ ಹಣೆ, ಕೆನ್ನೆ, ಬೆಂಡೋಲೆ, ಕುತ್ತಿಗೆಯ ಮೇಲೆಲ್ಲ ಇಳಿಯಿತು. ಎಷ್ಟು ಮಕ್ಕಳ ನೆತ್ತಿಗೆ ನೀರು ಹಾಕಿದವಳು! ಅವಳ ನೆತ್ತಿಗೆ ಇನ್ನೊಬ್ಬರು ನೀರು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿಕೊಂಡು ಓಣಿಯುದ್ದಕ್ಕೂ ನಡೆದಳು, ಮನೆಮನೆಗೂ ನಿಂತಳು. ಪುಟ್ಟಿಗೆ ಅವಳ ಗುರುತು ಸಿಗದೆ ಮೊದಲು ಮುಖ ಸಣ್ಣದಾಯಿತು, ದನಿ ಕೇಳಿದ ಮೇಲೆ ಕೇಕೆ ಹಾಕಿದಳು.

ಎಲ್ಲ ಮುಗಿಸಿ ಜಗಲಿಗೆ ವಾಪಸ್ಸು ಬಂದಾಗ ಬಿಂದಿಗೆಗಳು ಅಡ್ಡಡ್ಡ ಬಿದ್ದಿದ್ದವು. ಮಣೆಯ ಮೇಲೆ ಉಳಿದದ್ದು ಎರಡು ಕಾಳು. ಸೊಣ್ಣಮ್ಮ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೀಗಿತ್ತಿಯ ಮುಖ ನೋಡಲಿಲ್ಲ.

"ನೋಡಿದ್ರಲ್ಲ. ಇನ್ ನಿಮ್ಮಿಷ್ಟ" ಎಂದಳು.

ಅಂಜಿನಮ್ಮ ಚನ್ನವೀರಪ್ಪನವರನ್ನು ಕರೆದಳು. "ಸಾಮಿ, ನೀವೇನಾ ಇಲ್ಲಿ ಯಜಮಾನ್ರು?"

"ಕಾರ್ಯದರ್ಶಿ ರೀ."

"ಅದೇ. ಈಯಮ್ಮನ ಮಗ್ಳು ಬಾಣ್ತನಕ್ಕೆ ಬತ್ತಾಳೆ. ಮಣ್ಣಿನ ಗೊಂಬೆಗೆ ಇಷ್ಟು ಜನ ನೀರ್ ತಂದು ಉಯ್ದ್ರಲ್ಲ. ನನ್ ಸೊಸೆ ಬೆನ್ನಿಗೂ ಮನೆಗೊಂದು ಚೊಂಬು ಆಕ್ತೀರಾ ಇಲ್ವಾ? ಈಗ್ಲೇ ಯೋಳಿ, ಆಮೇಲೆ ಮೀಟಿಂಗು ಗೀಟಿಂಗು ಅನ್ಬೇಡಿ."

ಚನ್ನವೀರಪ್ಪನವರು ಸುತ್ತ ನಿಂತವರನ್ನು ನೋಡಿದರು. ತಮಿಳು ಅಜ್ಜಿ ತಲೆಯಾಡಿಸಿದರು. ಬಸು ಕೈ ಎತ್ತಿದ. "ಮೀಟಿಂಗ್ ಈಗ ಆತಲ್ಲ ತಾಯಿ" ಎಂದರು ಚನ್ನವೀರಪ್ಪನವರು. "ಟ್ಯಾಂಕರ್ ಬಂದಾಗ ಮೊದಲನೇ ಕೊಡ ಇವರ ಮನಿಗೇ. ನಾ ನಿಂತು ಕಳಸ್ತೇನಿ."

ಸೊಣ್ಣಮ್ಮ ಮಣ್ಣು ಮೆತ್ತಿದ ಮುಖ ಎತ್ತಿದಳು. "ಕಳಿಸ್ತೀರಾ?"

"ನೀರಿದ್ರೆ ಕಳಿಸ್ತೀನಿ ಅಂದಿದ್ದೆ. ಐತಲ್ಲ, ಅಲ್ಲೊಂದ್ ಚೊಂಬು ಇಲ್ಲೊಂದ್ ಚೊಂಬು" ಎಂದಳು ಅಂಜಿನಮ್ಮ. ಆಮೇಲೆ ದನಿ ತಗ್ಗಿಸಿ, "ನಮ್ಮೂರ್ ಬೋರೂ ನಿಂತು ತಿಂಗ್ಳಾಯ್ತು ಕಣಮ್ಮ. ಯಾರ್ಗೂ ಯೋಳಿಲ್ಲ. ಆದ್ರೆ ಬರ ಇಲ್ಲ ಅಂತ ನನ್ ಕಣ್ಣಿಗೆ ಸಾಲಾಗಿ ಬಿಂದ್ಗೆ ಜೋಡಿಸಿದ್ರಲ್ಲ, ಅದ್ನ ಮಾತ್ರ ಸಾಯೋಗಂಟ ಆಡ್ಕಂತೀನಿ."

"ಆಡ್ಕಳಿ" ಎಂದಳು ಸೊಣ್ಣಮ್ಮ. ನಗಲು ಹೋಗಿ ಅತ್ತಳು. ಅಂಜಿನಮ್ಮ ತನ್ನ ಸೆರಗಿನ ತುದಿಯಿಂದ ಅವಳ ಮುಖದ ಮಣ್ಣು ಒರೆಸಿದಳು, ಮಗುವಿನ ಮುಖ ಒರೆಸುವಷ್ಟು ಒರಟಾಗಿ.

ಆ ದಿನ ಮಳೆ ಬರಲಿಲ್ಲ. ಆ ವಾರವೂ ಬರಲಿಲ್ಲ. ಬಸು ಫೋನಿನಲ್ಲಿ ನೋಡಿ, ಇನ್ನೂ ಒಣಹವೆ ಎಂದ. ಗುಂಪಿನಲ್ಲಿ ಯಾರೋ ಮಳೆರಾಯನ ಬಗ್ಗೆ ಕುಹಕವಾಡಿದರೆ, "ಅಂವ ನಡಕೊಂತ ಬರಬೇಕಲ್ರೀ, ಟ್ರಾಫಿಕ್ ಐತಿ" ಎಂದು ಚನ್ನವೀರಪ್ಪನವರು ಬರೆದರು. ಮರೆಪ್ಪ ಮಾತ್ರ ದಿನಾ ಊರಿಗೆ ಫೋನು ಮಾಡಿ, ಮೋಡ ಏನಾದರೂ ಕಂಡಿತೇ ಎಂದು ಕೇಳುತ್ತಿದ್ದ.

ಸವಿತಾ ಬಂದದ್ದು ಒಂದು ಬುಧವಾರ, ಸುಡುಸುಡುವ ಮಧ್ಯಾಹ್ನ. ಅಂಜಿನಮ್ಮನೇ ಆಟೋದಲ್ಲಿ ಕರೆತಂದಿದ್ದಳು. ಬಾಗಿಲಲ್ಲಿ ಆರತಿ ಎತ್ತುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೊಂಬು, ಮಗ್ಗು, ಬಾಟಲಿ. ನಾನೂ ಒಂದು ಕೈಯಲ್ಲಿ ಪುಟ್ಟಿ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಹೋಗಿದ್ದೆ. ತಂದ ನೀರನ್ನೆಲ್ಲ ಸೊಣ್ಣಮ್ಮ ತಾಮ್ರದ ಹಂಡೆಗೆ ಸುರಿಸಿಕೊಂಡಳು, ಒಲೆಗೆ ತೆಂಗಿನ ಗರಿ ಒಟ್ಟಿದಳು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ, ಬಾಗಿಲಲ್ಲಿ ಬೆವರಿ ನಿಂತ ಮಗಳ ಬೆನ್ನ ಮೇಲೆ ಕೈಯಿಟ್ಟು, "ನಡಿಯವ್ವ, ನೀರು ಕಾದೈತೆ" ಎಂದಳು.